ಒದ್ದೆ ಕಾಗದದ ಕಡಲು

ಸೋಸುಕಾಗದದ ಮೇಲೆ ಶಾಯಿಯ ಚುಕ್ಕೆಯಿಟ್ಟು, ಅಂಚನ್ನು ನೀರಿಗೆ ತಾಗಿಸಿ, ಬಣ್ಣಗಳು ಬೇರೆ ಬೇರೆಯಾಗಿ ಏರುವುದನ್ನು ಮಕ್ಕಳಿಗೆ ಎಷ್ಟು ವರ್ಷ ತೋರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಕೇಶಾಕರ್ಷಣದಿಂದ ಒಬ್ಬ ಮನುಷ್ಯ ಕಡಲತೀರವನ್ನೇ ಬರೆಯಬಲ್ಲ ಎಂದು ತಿಳಿದದ್ದು ಎಮಿಲ್ ನೋಲ್ಡೆಯ ಜಲವರ್ಣಗಳನ್ನು ಕಂಡ ಮೇಲೆ. ಕಂಡದ್ದೂ ಪುಸ್ತಕದಲ್ಲಿ ಅಚ್ಚಾದದ್ದನ್ನು ಅನ್ನಿ.

ನೋಲ್ಡೆ (1867–1956) ಜರ್ಮನಿ–ಡೆನ್ಮಾರ್ಕ್ ಗಡಿಯ ಹಳ್ಳಿಯವನು. ಉತ್ತರ ಸಮುದ್ರದ ಹತ್ತಿರ ಸೀಬ್ಯೂಲ್‌ನಲ್ಲಿ ಮನೆ ಕಟ್ಟಿಕೊಂಡವನು. ಅಲ್ಲಿಯದು ಗುಡ್ಡವಿಲ್ಲದ ಜವುಗು ಬಯಲು. ಹೀಗಾಗಿ ಚಿತ್ರದಲ್ಲಿ ನೆಲಕ್ಕೆ ಸಿಗುವುದು ತಳದ ಒಂದು ಕಪ್ಪು ಪಟ್ಟಿ. ಉಳಿದದ್ದೆಲ್ಲ ಆಕಾಶ: ಕಿತ್ತಳೆ, ನೇರಳೆ, ಮಳೆ ಹೊತ್ತ ಕಡುನೀಲಿ.

ಅವನು ಬಳಸುತ್ತಿದ್ದದ್ದು ಚೆನ್ನಾಗಿ ನೀರು ಹೀರುವ ಜಪಾನೀ ಕಾಗದ. ಒದ್ದೆ ಮಾಡಿ ಬಣ್ಣ ಬಿಟ್ಟರೆ, ನಾರುಗಳ ಸಂದಿನಲ್ಲಿ ಅದು ತಾನಾಗಿ ಓಡುತ್ತದೆ. ಮೋಡದ ಅಂಚೆಂದರೆ ಕುಂಚ ಎಳೆದ ಗೆರೆಯಲ್ಲ, ನೀರು ನಿಂತ ಜಾಗ. ಮತ್ತೆ ತಿದ್ದುವುದು ಕಷ್ಟ. ಬೆಳಕಿಗಾಗಿ ಬಿಳಿ ಬಳಿಯಬೇಕಿಲ್ಲ; ತೆಳುಬಣ್ಣದೊಳಗೆ ಹೊಕ್ಕ ಬೆಳಕು ಕಾಗದಕ್ಕೆ ತಾಗಿ ಅದೇ ಬಣ್ಣದ ಮೂಲಕ ಮರಳುತ್ತದೆ. ಕಿತ್ತಳೆ ಒಳಗಿನಿಂದಲೇ ಹೊತ್ತಿಕೊಂಡಂತೆ ಕಾಣುವುದು ಅದಕ್ಕೇ.

ನಾನು ಬಹಳ ಕಾಲ ನಂಬಿದ್ದ ಕಥೆಯೊಂದಿದೆ. ನಾಜಿಗಳು 1937ರ 'ಅಧೋಗತಿಯ ಕಲೆ' ಪ್ರದರ್ಶನದಲ್ಲಿ ಅವನ ಚಿತ್ರಗಳನ್ನಿಟ್ಟು ಗೇಲಿ ಮಾಡಿದರು. ವಸ್ತುಸಂಗ್ರಹಾಲಯಗಳಿಂದ ಅವನ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಕಿತ್ತುಕೊಂಡರು. 1941ರಲ್ಲಿ ವೃತ್ತಿಗೇ ನಿಷೇಧ ಹಾಕಿದರು. ತೈಲವರ್ಣದ ವಾಸನೆ ಹೊರಬಿದ್ದೀತೆಂದು ಪಾಪ, ಗುಟ್ಟಾಗಿ ಜಲವರ್ಣ ಬರೆದ! ಇದನ್ನು ತರಗತಿಯಲ್ಲಿ ಹೇಳಿ ಮಕ್ಕಳ ಕಣ್ಣನ್ನೂ ಒದ್ದೆ ಮಾಡಿದ್ದುಂಟು.

ಗೇಲಿ ನಿಜ, ನಿಷೇಧವೂ ನಿಜ. ಆದರೆ ಅವನೇ ನಾಜಿ ಪಕ್ಷದ ಸದಸ್ಯ, ಯಹೂದಿ ದ್ವೇಷಿ, ಯುದ್ಧ ಮುಗಿಯುವವರೆಗೂ ಆ ಆಡಳಿತವನ್ನು ನಂಬಿದವನು. 2019ರಲ್ಲಿ ಬರ್ಲಿನ್‌ನ ಪ್ರದರ್ಶನವೊಂದು ಇದನ್ನು ಕಾಗದಪತ್ರ ಸಮೇತ ತೆರೆದಿಟ್ಟಿತು. ಅದೇ ವರ್ಷ ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರ ಕಚೇರಿಯ ಗೋಡೆಯಿಂದ ಅವನ ಕಡಲಚಿತ್ರವೂ ಇಳಿಯಿತು. ವಾಸನೆಯ ಮಾತಂತೂ ನನಗೇ ಹೊಳೆಯಬೇಕಿತ್ತು. ನಿಷೇಧಕ್ಕೆ ಎಷ್ಟೋ ವರ್ಷ ಮೊದಲೇ ಅವನು ಜಲವರ್ಣದಲ್ಲಿ ಪಳಗಿದ್ದ.

ಮೋಸಹೋದ ಸಿಟ್ಟಿನಲ್ಲಿ ಪುಸ್ತಕ ಮುಚ್ಚಿಟ್ಟಿದ್ದೆ. ಮೊನ್ನೆ ತೆರೆದರೆ, ಕಿತ್ತಳೆ ಹಾಗೇ ಉರಿಯುತ್ತಿದೆ! ಸಿಟ್ಟು ಇನ್ನಷ್ಟು ಹೆಚ್ಚಿತು. ಕೊನೆಗೆ ಅದನ್ನು ತರಗತಿಗೇ ಒಯ್ದು ಚಿತ್ರ ತೋರಿಸಿದೆ, ಕಥೆಯನ್ನೂ ಈ ಸಲ ಪೂರ್ತಿ ಹೇಳಿದೆ.

"ಹಾಗಾದ್ರೆ ಚಿತ್ರ ಚೆನ್ನಾಗಿದೆ ಅನ್ಬಹುದಾ ಸಾರ್?" ಎಂದ ಹಿಂದಿನ ಬೆಂಚಿನ ಹುಡುಗ.

ನಾನು ಸೀಮೆಸುಣ್ಣ ಹುಡುಕತೊಡಗಿದೆ.