ಕಾರ್ಯದರ್ಶಿಯ ಪಕ್ಕದ ಕುರ್ಚಿ

ಬಿ.ಕಾಂ. ಮುಗಿಸಿದ ಮಕ್ಕಳಿಗೆ ಬ್ಯಾಂಕೇ ಬೇಕು. ಊರಿನ ಸಹಕಾರ ಸಂಘ ಕಣ್ಣಿಗೆ ಬೀಳುವುದೇ ಕಡಿಮೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶಕ್ಕೇ ಮೊದಲನೆಯದೆಂದು ಹೆಸರಾಯಿತು. ಕೇಳಿ ಕಲಿಯಲು ಅವರಿಗೆ ಹಿಂದಿನವರೇ ಇರಲಿಲ್ಲ. ಇಂದಿನವರಿಗೆ ಆ ಕಷ್ಟವಿಲ್ಲ.

ಲೆಕ್ಕ, ಕಾಯಿದೆಗಳನ್ನು ರಾಜ್ಯ ಸಹಕಾರ ಮಹಾಮಂಡಳದ ಡಿಪ್ಲೊಮಾ ತರಬೇತಿಯಲ್ಲಿ ಕಲಿಯಬಹುದು. ಆದರೆ ಸಕಲೇಶಪುರ ಕಡೆಯ ಮಾರನಹಳ್ಳಿಯಂಥ ಘಟ್ಟದ ಊರಿನಲ್ಲಿ ಸಾಲದ ಕಂತು ಯಾವಾಗ ಕೈಸೇರೀತೆಂದು ಪುಸ್ತಕ ಹೇಳದು. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರಿನಲ್ಲಿ, ರೊಬಸ್ಟಾ ಆಮೇಲೆ. ಕಾಫಿ ಕಣದಲ್ಲಿ ಒಣಗಿ ಮಾರಾಟವಾಗುವವರೆಗೆ ಬೆಳೆಗಾರನ ಕೈ ಖಾಲಿ. ಹೂಮಳೆ ತಪ್ಪಿದರಂತೂ ಮುಂದಿನ ವರ್ಷದ ವಸೂಲಿಗೂ ಕಲ್ಲು. ಇದನ್ನೆಲ್ಲ ಬಲ್ಲವರು ಹಳೆಯ ಕಾರ್ಯದರ್ಶಿಗಳು. ನಿರ್ದೇಶಕರ ನೆಂಟನಿಗೆ ಮುನಿಸು ಬಾರದಂತೆ ‘ಆಗದು’ ಎನ್ನುವ ಬಗೆಯೂ ಅವರ ಪಕ್ಕ ಕುಳಿತೇ ಬರಬೇಕು; ನಾಯಕತ್ವವೆಂದರೆ ಬಹುಪಾಲು ಅದೇ.

ಪಾಲಕರಿಗೆ ಇನ್ನೊಂದು ಮಾತು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯುಂಟು. ಪ್ರಾಥಮಿಕ ಪತ್ತಿನ ಸಂಘದ ಠೇವಣಿಗೆ ಆ ರಕ್ಷಣೆಯಿಲ್ಲ. ಮಕ್ಕಳು ಅಲ್ಲಿ ಹಾಕುವ ಒಂದೊಂದು ಸಹಿಯ ಹಿಂದೆಯೂ ನೆರೆಹೊರೆಯವರ ಉಳಿತಾಯವಿರುತ್ತದೆ. ಆದ್ದರಿಂದ ಸಂಬಳ ಎಷ್ಟೆಂದು ವಿಚಾರಿಸುವಾಗಲೇ, ಅಲ್ಲಿನ ಕಾರ್ಯದರ್ಶಿಯ ನಿವೃತ್ತಿಗೆ ಇನ್ನೆಷ್ಟು ವರ್ಷವೆಂದೂ ವಿಚಾರಿಸಲಿ.