ಉಳುಕಲ್ಲದ ಉಳುಕು

ದೀಪಾವಳಿ ಕಳೆದು ಕೆಲವು ವಾರಗಳಾಗಿದ್ದವು. ಮಾಸೂರಿನಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಬೆಂಚಿನ ಮೇಲೆ ಮೇಲಿಂದ ಮೇಲೆ ಮಗ್ಗುಲು ಬದಲಿಸುತ್ತಿದ್ದುದನ್ನು ಕಂಡೆನು. ವಿಚಾರಿಸಿದಾಗ ತಿಳಿದುದಿಷ್ಟು: ಹಬ್ಬದಲ್ಲಿ ಕೊಬ್ಬರಿ ಹೋರಿಯ ಬೆನ್ನಟ್ಟಿ ಓಡುವಾಗ ಸರಕ್ಕನೆ ತಿರುಗಿದನಂತೆ, ತೊಡೆಸಂದಿನಲ್ಲಿ ಏನೋ ‘ಕಟ್’ ಎಂದಿತಂತೆ. ಮನೆಯವರು ಉಳುಕೆಂದು ಬಗೆದು ಎಣ್ಣೆ ತಿಕ್ಕಿಸಿದರು, ಎರಡು ಬಾರಿ ಕಾಲೆಳೆಸಿದರು. ನೋವು ಹೆಚ್ಚಿತೇ ಹೊರತು ಇಳಿಯಲಿಲ್ಲ.

ಅದು ಉಳುಕಾಗಿರಲಿಲ್ಲ. ಸೊಂಟದ ಕೀಲೆಂದರೆ ಬಟ್ಟಲಿನಲ್ಲಿ ಕೂಡಿಸಿದ ಗುಂಡು. ತೊಡೆಮೂಳೆಯ ತಲೆಯೇ ಆ ಗುಂಡು. ಬಟ್ಟಲಿನ ಅಂಚಿಗೆ ಮೃದ್ವಸ್ಥಿಯ ಉಂಗುರವೊಂದುಂಟು. ವೈದ್ಯರು ಅದನ್ನು ‘ಲೇಬ್ರಮ್’ ಎನ್ನುವರು. ಲ್ಯಾಟಿನ್ನಿನಲ್ಲಿ ತುಟಿಯೆಂದರ್ಥ. (ಭಾಷೆಯ ಮೇಷ್ಟರಿಗೆ ವ್ಯುತ್ಪತ್ತಿಯ ಚಪಲ ಬಿಡದು, ವಾಚಕರು ಮನ್ನಿಸಬೇಕು.) ಕೀಲಿನೊಳಗಿನ ಜಿಡ್ಡುದ್ರವವು ಜಾರಿಹೋಗದಂತೆ ಈ ತುಟಿಯು ಬಿಗಿಹಿಡಿದಿರುತ್ತದೆ. ಅದು ಹರಿದರೆ ತೊಡೆಸಂದಿನ ಆಳದಲ್ಲಿ ನೋವು, ತಿರುಗಿದಾಗ ಸಿಕ್ಕಿಕೊಂಡಂತಹ ಅನುಭವ. ರಕ್ತದ ಪೂರೈಕೆ ಅಲ್ಪವಾದುದರಿಂದ ಹರಿದುದು ತಾನಾಗಿ ಕೂಡುವುದು ಕಷ್ಟ. ತಿಕ್ಕುವ ಕೈ ಅಷ್ಟು ಆಳಕ್ಕೆ ಮುಟ್ಟದು. ಎಳೆತವಾದರೋ ಗಾಯವನ್ನು ಇನ್ನಷ್ಟು ಕೆಣಕೀತು.

ಎಲ್ಲರಿಗೂ ಪೆಟ್ಟೇ ಕಾರಣವಲ್ಲ. ಕೆಲವರ ಮೂಳೆಯ ಆಕಾರವೇ ತುಸು ಬೇರೆಯಾಗಿದ್ದು, ಕಾಲು ಮಡಿಸಿದಾಗಲೆಲ್ಲ ಗುಂಡು ಅಂಚಿಗೆ ತಾಗುವುದು. ಸ್ವಿಟ್ಜರ್ಲೆಂಡಿನ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ವಿವರಿಸಿ, ಕೀಲು ಸವೆಯಲು ಇದೂ ಒಂದು ದಾರಿಯೆಂದು ತೋರಿಸಿದರು.

ಮೊದಲು ಎಕ್ಸ್-ರೇ ಆಗಲೇಬೇಕು. ರಕ್ತ ಸಾಲದೆ ತೊಡೆಮೂಳೆಯ ತಲೆ ಸಾಯುವ ರೋಗವೂ ಇದೇ ಬಗೆಯ ನೋವನ್ನು ಕೊಡಬಲ್ಲದು. ಎಂ.ಆರ್.ಐ.ನಲ್ಲಿ ಹರಿತ ಕಂಡಿತೆಂದು ಮಾತ್ರ ಕಂಗೆಡಬಾರದು. ಸೊಂಟನೋವೇ ಇಲ್ಲದ 45 ಮಂದಿಯನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ನೂರಕ್ಕೆ 69ರಷ್ಟು ಜನರಲ್ಲಿ ಹರಿತವಿತ್ತೆಂದು 2012ರ ವರದಿ ಹೇಳುತ್ತದೆ!

ಆದುದರಿಂದ ಮೊದಲ ಚಿಕಿತ್ಸೆ ವ್ಯಾಯಾಮವೇ: ಪೃಷ್ಠದ ಹಾಗೂ ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವುದು. ಅದರಿಂದ ಗುಣ ಕಾಣದಿದ್ದರೆ ಸಣ್ಣ ರಂಧ್ರಗಳ ಮೂಲಕ ದುರ್ಬೀನು ತೂರಿಸಿ ಅಂಚನ್ನು ಹೊಲಿಯುವ ಆರ್ತ್ರೊಸ್ಕೋಪಿ. ಮೂಳೆ ತಾಗುವ ತೊಂದರೆಯಿದ್ದ 348 ಮಂದಿಯ ಬ್ರಿಟಿಷ್ ಪರೀಕ್ಷೆಯಲ್ಲಿ (2018) ವರ್ಷದ ಬಳಿಕ ಶಸ್ತ್ರಚಿಕಿತ್ಸೆಯವರು ತುಸು ಮುಂದಿದ್ದರು, ವ್ಯಾಯಾಮದವರೂ ಸುಧಾರಿಸಿದ್ದರು.

ನಮ್ಮ ಹುಡುಗನಿಗೆ ವೈದ್ಯರು ಮೂರು ತಿಂಗಳ ವ್ಯಾಯಾಮ ಹೇಳಿ, ಕುಕ್ಕರುಗಾಲಲ್ಲಿ ಕೂಡಬೇಡವೆಂದರು. ಹಳ್ಳಿಯ ಮನೆಯಲ್ಲಿ ಇದೇನು ಸುಲಭವೇ? ಶೌಚಕ್ಕೂ, ಹಾಲು ಹಿಂಡುವುದಕ್ಕೂ, ಕಳೆ ಕೀಳುವುದಕ್ಕೂ ಅದೇ ಭಂಗಿ. ಅವನ ತಂದೆ ಹಳೆಯ ಕುರ್ಚಿಯೊಂದರ ನಡುವೆ ತೂತು ಕೊರೆಯಿಸಿ ಶೌಚದ ತೊಂದರೆಯನ್ನು ನೀಗಿಸಿದರು. ಹಾಲು ಹಿಂಡುವ ಕೆಲಸ ತಂಗಿಯ ಪಾಲಿಗೆ ಬಂದಿತು. ಅವಳ ಗೊಣಗಾಟ ಇನ್ನೂ ನಿಂತಿಲ್ಲವಂತೆ.

ಮೊನ್ನೆ ಸಿಕ್ಕಾಗ ಹುಡುಗನ ನಡಿಗೆ ನೆಟ್ಟಗಾಗಿತ್ತು. ಕೇಳಿದ ಮೊದಲ ಮಾತು, “ಸರ್, ಬರೋ ದೀಪಾವಳಿಗೆ ಹೋರಿ ಹಿಡೀಬಹುದೇನ್ರೀ?”

“ಡಾಕ್ಟರನ್ನ ಕೇಳಪ್ಪಾ” ಎಂದೆನು.

“ಅವರೂ ನಿಮ್ಮನ್ನ ಕೇಳು ಅಂದ್ರು ಸರ್” ಎಂದು ನಕ್ಕನು.