ಆರೋಗ್ಯ ಚಿಂತನ: ಕರುಳಿನ ಮಾಂಸಾಂಕುರಗಳು

ಮಲದೊಡನೆ ರಕ್ತ ಕಾಣಿಸಿಕೊಂಡಾಗ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು 'ಮೂಲವ್ಯಾಧಿ' ಎಂಬುದು. ಉಷ್ಣವೆಂದು ಮಜ್ಜಿಗೆ ಕುಡಿಸುವುದು, ಖಾರ ಬಿಡಿಸುವುದು, ಸಂತೆಗೆ ಹೋದಾಗ ಫಲಕ ಕಂಡಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳುವುದು ವಾಡಿಕೆ. ಅನೇಕ ವೇಳೆ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ಅದೇ ರಕ್ತ ದೊಡ್ಡ ಕರುಳಿನ ಮಾಂಸಾಂಕುರದಿಂದಲೂ ಬರಬಹುದು, ಅರ್ಬುದದಿಂದಲೂ ಬರಬಹುದು. ಪರೀಕ್ಷಿಸದೆ ಇವುಗಳ ಭೇದ ತಿಳಿಯದು.

ಮಾಂಸಾಂಕುರವನ್ನು ವೈದ್ಯರು ಪಾಲಿಪ್ ಎನ್ನುತ್ತಾರೆ. ಸುಮಾರು 5 ಅಡಿ ಉದ್ದದ ದೊಡ್ಡ ಕರುಳಿನ ಒಳಪೊರೆಯ ಮೇಲೆ ಕೆಲವು ತೊಟ್ಟಿರುವ ಅಣಬೆಯಂತೆ, ಕೆಲವು ಚಪ್ಪಟೆಯಾಗಿ ಬೆಳೆಯುತ್ತವೆ. ಬಹುಪಾಲು ನೋವೇ ಇರುವುದಿಲ್ಲ.

ಎಲ್ಲ ಪಾಲಿಪ್‌ಗಳೂ ಅಪಾಯಕಾರಿಯಲ್ಲ. ಮಕ್ಕಳಲ್ಲಿ, ವಿಶೇಷವಾಗಿ 2ರಿಂದ 10 ವರ್ಷದೊಳಗೆ, ನೋವಿಲ್ಲದೆ ಕೆಂಪು ರಕ್ತ ಹೋಗುತ್ತಿದ್ದರೆ ಅದು ಹಲವು ಸಲ 'ಜುವೆನೈಲ್' ಪಾಲಿಪ್. ಒಂದೇ ಇದ್ದರೆ ತೆಗೆದುಹಾಕಿದ ಮೇಲೆ ಚಿಂತೆಯಿಲ್ಲ. ಗುದನಾಳದ ಬಳಿಯ ಚಿಕ್ಕ 'ಹೈಪರ್‌ಪ್ಲಾಸ್ಟಿಕ್' ಪಾಲಿಪ್‌ಗಳೂ ಸಾಮಾನ್ಯವಾಗಿ ನಿರುಪದ್ರವಿಗಳು. ಕರುಳಿನ ದೀರ್ಘಕಾಲದ ಉರಿಯೂತದಿಂದ ಹುಟ್ಟುವ ಇನ್ನೊಂದು ಬಗೆಯುಂಟು. ಅಲ್ಲಿ ಭಯ ಪಾಲಿಪಿನದಲ್ಲ, ಉರಿಯೂತದ್ದು.

ಗಮನಿಸಬೇಕಾದದ್ದು 'ಅಡಿನೋಮಾ'. ದೊಡ್ಡ ಕರುಳಿನ ಅರ್ಬುದಗಳಲ್ಲಿ ಹೆಚ್ಚಿನವು ಹುಟ್ಟುವುದು ಇದರಿಂದಲೇ. ಹಾಗೆಂದು ಅಡಿನೋಮಾ ಎಲ್ಲವೂ ಅರ್ಬುದವಾಗುವುದಿಲ್ಲ; ಕೆಲವೇ ಆಗುತ್ತವೆ. ಗಾತ್ರ 1 ಸೆಂ.ಮೀ. ಮುಟ್ಟಿದರೆ, ಮೇಲ್ಮೈ ಎಳೆಎಳೆಯಾಗಿದ್ದರೆ, ಸಂಖ್ಯೆ ಹೆಚ್ಚಿದ್ದರೆ ಅಪಾಯ ಹೆಚ್ಚು. ಚಪ್ಪಟೆಯಾದ 'ಸೆರೇಟೆಡ್' ಬಗೆಯಿಂದಲೂ ಅರ್ಬುದ ಹುಟ್ಟಬಲ್ಲದು. ಅದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಈ ಮಾರ್ಪಾಟಿಗೆ ಸಾಮಾನ್ಯವಾಗಿ 10 ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಶತ್ರು ಇಷ್ಟು ಅವಕಾಶ ಕೊಡುವ ಕಾಯಿಲೆಗಳು ವಿರಳ. 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಶಿನ್ಯಾ ಮತ್ತು ವುಲ್ಫ್, ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪ್ ನಳಿಕೆಯೊಳಗಿಂದ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆಯುವ ವಿಧಾನವನ್ನು ಆರಂಭಿಸಿದರು. ಹೀಗೆ ಅಡಿನೋಮಾ ತೆಗೆಸಿಕೊಂಡವರಲ್ಲಿ ಅರ್ಬುದವು ನಿರೀಕ್ಷಿತ ಪ್ರಮಾಣಕ್ಕಿಂತ ಶೇ. 76ರಿಂದ 90ರಷ್ಟು ಕಡಿಮೆಯಾದುದನ್ನು 1993ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಜೋಳದ ರೊಟ್ಟಿ, ಕಾಳುಪಲ್ಯ ಉಣ್ಣುವ ಶಾಕಾಹಾರಿಗಳಾದ ನಮಗೆ ಇದು ಬಾರದೆಂಬ ನಂಬಿಕೆಯೊಂದಿದೆ. ನಾರಿನಂಶದ ಆಹಾರ ಹಿತಕರವೇ. ಆದರೆ ಅದು ರಕ್ಷಾಕವಚವಲ್ಲ. ಬೀಡಿ-ಸಿಗರೇಟು, ಮದ್ಯ, ಬೊಜ್ಜು ಅಪಾಯವನ್ನು ಹೆಚ್ಚಿಸುತ್ತವೆ.

ಇನ್ನು ಕುಟುಂಬದ ಮಾತು. ಕೆಲವು ಮನೆತನಗಳಲ್ಲಿ ಹದಿಹರೆಯದಿಂದಲೇ ನೂರಾರು, ಸಾವಿರಾರು ಅಡಿನೋಮಾಗಳು ಮೂಡುವ ವಂಶಪಾರಂಪರ್ಯ ರೋಗವಿದೆ. ಚಿಕಿತ್ಸೆಯಿಲ್ಲದಿದ್ದರೆ ನಡುವಯಸ್ಸಿನೊಳಗೆ ಅರ್ಬುದ ಬಹುತೇಕ ನಿಶ್ಚಿತ. ಸಂಬಂಧದೊಳಗಿನ ಮದುವೆ ಇದಕ್ಕೆ ಕಾರಣವಲ್ಲ. ತಂದೆ-ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧದಷ್ಟು ಸಂಭವವುಂಟು. ಕನ್ಯೆ-ವರ ನೋಡುವಾಗ ಮಾತು ಬಂದೀತೆಂದು ಅಜ್ಜನ, ಸೋದರತ್ತೆಯ 'ಕರುಳುಬೇನೆ'ಯನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟದ್ದರ ಬೆಲೆಯನ್ನು ಮೊಮ್ಮಕ್ಕಳು ತೆರುತ್ತಾರೆ. ವೈದ್ಯರೆದುರಿಗಾದರೂ ಹೇಳಬೇಕು.

40 ದಾಟಿದವರಲ್ಲಿ ರಕ್ತಸ್ರಾವ, ವಾರಗಟ್ಟಲೆ ಬದಲಾದ ಮಲಪ್ರವೃತ್ತಿ, ಕಾರಣ ತಿಳಿಯದ ರಕ್ತಹೀನತೆ ಕಂಡರೆ ತಡಮಾಡಬಾರದು. ಕಿರಿಯರಲ್ಲಿಯೂ ರಕ್ತವನ್ನು ಅಲಕ್ಷಿಸಬಾರದು. ಗುದನಾಳವನ್ನು ಬೆರಳಿನಿಂದ ಪರೀಕ್ಷಿಸಲು ಯಂತ್ರ ಬೇಕಿಲ್ಲ, ತಾಲೂಕು ಆಸ್ಪತ್ರೆಯ ವೈದ್ಯರೇ ಮಾಡಬಲ್ಲರು. ನಮ್ಮ ತಾಯಂದಿರು ಸಂಕೋಚದಿಂದ ಇದನ್ನು ತಪ್ಪಿಸಿಕೊಳ್ಳುವುದೇ ಹೆಚ್ಚು. ವೈದ್ಯೆಯೇ ಬೇಕೆಂದು ಕೇಳಲು ಅಡ್ಡಿಯಿಲ್ಲ. ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ಮಹಾವಿದ್ಯಾಲಯವಿದೆ. ಅರ್ಬುದದ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳಿವೆ. ಹೋಗುವಾಗ ಹಳೆಯ ಚೀಟಿಗಳನ್ನೂ, ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತೆಂಬ ವಿವರವನ್ನೂ ಬರೆದು ಒಯ್ಯಿರಿ.